ಚಿಲ್ಲರ್ ನೀರು ತಣ್ಣಗಾಗ್ತಿಲ್ಲವೇ? ಗ್ಯಾಸ್ ತುಂಬಿಸುವ ಮುಂಚೆ ಈ ಏಳು ಅಂಕಿ ಬರೆದುಕೊಳ್ಳಿ

ಮೆಂತ್ಯ, ಪಾಲಕ್, ಕೊತ್ತಂಬರಿ ಬೆಳೆದು ಹೈದರಾಬಾದ್ ಮಾರ್ಕೆಟಿಗೆ ಕಳಿಸುವ ನಮ್ಮ ಕಡೆಯ ಗೆಳೆಯರಿಗೆ ಸೊಪ್ಪು ಬಾಡುವುದರ ನೋವು ಹೇಳಬೇಕಾಗಿಲ್ಲ. ಬೆಳಿಗ್ಗೆ ಕಿತ್ತ ಸೊಪ್ಪಿನ ಒಳಗೆ ಹೊಲದ ಬಿಸಿ ಹಾಗೇ ಉಳಿದಿರುತ್ತದೆ. ಅದನ್ನು ತಣ್ಣೀರಿನಲ್ಲಿ ಅದ್ದಿ ಮೊದಲೇ ತೆಗೆದುಬಿಟ್ಟರೆ ಮಾಲು ತಾಜಾ ಮುಟ್ಟುತ್ತದೆ. ಇದಕ್ಕಾಗಿ ಬೀದರ್, ಭಾಲ್ಕಿ, ಔರಾದ್ ಕಡೆ ಕೆಲವು ರೈತ ಗುಂಪುಗಳು ಸಣ್ಣ ವಾಟರ್ ಚಿಲ್ಲರ್ ಇಟ್ಟುಕೊಂಡಿವೆ. ಕೊಳಾರದ ನಮ್ಮ ಗುಂಪಿನದು 5 ಟನ್ನಿನ, ಗಾಳಿಯಿಂದ ತಣಿಯುವ ಯಂತ್ರ. ಸೆಕೆಂಡ್ ಹ್ಯಾಂಡ್, ಆರ್-22 ಗ್ಯಾಸಿನದು.

ಈ ಯಂತ್ರ ಕೈಕೊಡುವುದು ಮೇ ತಿಂಗಳಲ್ಲೇ, ಮಾಲು ರಾಶಿ ಬಿದ್ದ ದಿನವೇ. ಮೆಕ್ಯಾನಿಕ್ ಬರುತ್ತಾನೆ, ಗೇಜ್ ನೋಡುತ್ತಾನೆ, "ಗ್ಯಾಸ್ ಕಮ್ಮಿ ಆಗ್ಯದ, ತುಂಬಬೇಕು" ಅಂತಾನೆ. ಕೆಲವೊಮ್ಮೆ ಅದು ನಿಜ. ಬಹಳ ಸಲ ಅಲ್ಲ. ಗ್ಯಾಸ್ ಸಾಕಷ್ಟಿರುವ ಯಂತ್ರಕ್ಕೆ ಮತ್ತೆ ಗ್ಯಾಸ್ ತುಂಬಿಸಿದರೆ ದುಡ್ಡೂ ಹೋಗುತ್ತದೆ, ಕಂಪ್ರೆಸರ್ ಮೇಲೂ ಹೊರೆ ಬೀಳುತ್ತದೆ, ಮೂಲ ತೊಂದರೆ ಹಾಗೇ ಉಳಿಯುತ್ತದೆ. ಆದ್ದರಿಂದ ಈ ವಾರ ಒಂದೇ ಪಾಠ: ಸಕ್ಷನ್ ಗೇಜ್ ಕೆಳಗಿದೆ ಅಂದಮಾತ್ರಕ್ಕೆ ಗ್ಯಾಸ್ ಕಮ್ಮಿ ಅಂತ ಅರ್ಥ ಅಲ್ಲ. ಪೈಪಿನ ತಾಪಮಾನವನ್ನೂ ಜೊತೆಗಿಟ್ಟು ಓದಬೇಕು.

ಇನ್ನೊಂದು ಮಾತು ತಲೆಯಲ್ಲಿರಲಿ. ಚಿಲ್ಲರ್‌ನ ಗ್ಯಾಸ್ ಟ್ರ್ಯಾಕ್ಟರಿನ ಡೀಸೆಲ್ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಮ್ಮಿ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ತುಂಬಿಸಿದ ಗ್ಯಾಸ್ ತೂತು ಬಿದ್ದ ಕೊಡಕ್ಕೆ ಹಾಕಿದ ನೀರು.

ಯಂತ್ರದೊಳಗೆ ನಡೆಯುವುದು ಏನು?

ನಾಲ್ಕೇ ಭಾಗ ನೆನಪಿಟ್ಟುಕೊಳ್ಳಿ.

ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡಿ ಮುಂದಕ್ಕೆ ತಳ್ಳುತ್ತದೆ. ಕಂಡೆನ್ಸರ್‌ನಲ್ಲಿ, ಅಂದರೆ ಫ್ಯಾನ್ ಇರುವ ಜಾಲರಿ ಭಾಗದಲ್ಲಿ, ಆ ಬಿಸಿ ಹೊರಗಿನ ಗಾಳಿಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವ್ ಆ ದ್ರವವನ್ನು ಸಣ್ಣ ಕಿಂಡಿಯಿಂದ ಬಿಡುತ್ತದೆ, ಒತ್ತಡ ಇಳಿಯುತ್ತದೆ. ಇವ್ಯಾಪರೇಟರ್‌ನಲ್ಲಿ ಆ ದ್ರವ ಕುದಿದು ಮತ್ತೆ ಗ್ಯಾಸ್ ಆಗುತ್ತದೆ, ಕುದಿಯಲು ಬೇಕಾದ ಶಾಖವನ್ನು ನಮ್ಮ ನೀರಿನಿಂದ ಎಳೆದುಕೊಳ್ಳುತ್ತದೆ. ನೀರು ತಣ್ಣಗಾಗುವುದು ಹೀಗೆ.

ದ್ರವ ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂಬುದು ಒತ್ತಡದ ಮೇಲಿದೆ. ಅದಕ್ಕೇ ಗೇಜ್ ನೋಡಿದರೆ ಒಳಗಿನ ತಾಪಮಾನ ಗೊತ್ತಾಗುತ್ತದೆ. ಆರ್-22 ಗ್ಯಾಸಿಗೆ ಸುಮಾರು ಲೆಕ್ಕ ಹೀಗಿದೆ:

- 46 ಪಿಎಸ್‌ಐ: ಮೈನಸ್ 5 ಡಿಗ್ರಿ ಸೆಲ್ಸಿಯಸ್
- 58 ಪಿಎಸ್‌ಐ: 0 ಡಿಗ್ರಿ
- 70 ಪಿಎಸ್‌ಐ: 5 ಡಿಗ್ರಿ
- 208 ಪಿಎಸ್‌ಐ: 40 ಡಿಗ್ರಿ
- 236 ಪಿಎಸ್‌ಐ: 45 ಡಿಗ್ರಿ
- 267 ಪಿಎಸ್‌ಐ: 50 ಡಿಗ್ರಿ
- 301 ಪಿಎಸ್‌ಐ: 55 ಡಿಗ್ರಿ

ನಿಮ್ಮ ಯಂತ್ರದ ಗ್ಯಾಸ್ ಬೇರೆ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಉದಾಹರಣೆಗೆ 0 ಡಿಗ್ರಿಗೆ ಆರ್-134ಎ ಸುಮಾರು 28 ಪಿಎಸ್‌ಐ ತೋರಿಸಿದರೆ, ಆರ್-410ಎ ಸುಮಾರು 101 ತೋರಿಸುತ್ತದೆ. ಯಂತ್ರದ ನೇಮ್ ಪ್ಲೇಟ್ ಮೇಲೆ ಗ್ಯಾಸಿನ ಹೆಸರು ಮತ್ತು ಎಷ್ಟು ಕಿಲೋ ಎಂಬುದು ಬರೆದಿರುತ್ತದೆ. ಈಗಲೇ ಅದರ ಫೋಟೋ ಹೊಡೆದಿಟ್ಟುಕೊಳ್ಳಿ. ಒತ್ತಡದಿಂದ ತಾಪಮಾನ ತಿಳಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ, ಡ್ಯಾನ್‌ಫಾಸ್‌ನ ರೆಫ್ ಟೂಲ್ಸ್ ಅಂಥದ್ದೊಂದು. ಗ್ಯಾಸಿನ ಹೆಸರು ಆರಿಸಿ, ಒತ್ತಡ ಹಾಕಿದರೆ ಡಿಗ್ರಿ ಬರುತ್ತದೆ.

ಏಳು ಅಂಕಿ ಯಾವುವು?

ಯಂತ್ರ ಕನಿಷ್ಠ 15 ನಿಮಿಷ ಬಿಡದೆ ಓಡಿದ ಮೇಲೆ ಇವನ್ನು ಬರೆಯಿರಿ:

1. ಚಿಲ್ಲರ್ ಒಳಗೆ ಹೋಗುವ ನೀರಿನ ತಾಪಮಾನ
2. ಹೊರಗೆ ಬರುವ ನೀರಿನ ತಾಪಮಾನ
3. ಸಕ್ಷನ್ ಪೈಪ್ ತಾಪಮಾನ (ಇವ್ಯಾಪರೇಟರ್‌ನಿಂದ ಕಂಪ್ರೆಸರ್‌ಗೆ ಹೋಗುವ ದಪ್ಪ, ತಣ್ಣನೆ ಪೈಪು)
4. ಲಿಕ್ವಿಡ್ ಪೈಪ್ ತಾಪಮಾನ (ಕಂಡೆನ್ಸರ್‌ನಿಂದ ಹೊರಬರುವ ಸಣ್ಣ, ಬೆಚ್ಚನೆ ಪೈಪು)
5. ಕಂಡೆನ್ಸರ್ ಒಳಗೆ ಹೋಗುವ ಗಾಳಿಯ ತಾಪಮಾನ
6. ಸಕ್ಷನ್ ಗೇಜ್
7. ಡಿಸ್ಚಾರ್ಜ್ ಗೇಜ್

ಪೈಪಿಗೆ ಕಚ್ಚಿಸುವ ಕ್ಲ್ಯಾಂಪ್ ಥರ್ಮಾಮೀಟರ್ ಒಂದು ಸಾಕು. ದೂರದಿಂದ ಬೆಳಕು ಬಿಟ್ಟು ಅಳೆಯುವ ಗನ್ ಥರ್ಮಾಮೀಟರ್ ಹೊಳೆಯುವ ತಾಮ್ರದ ಪೈಪಿನ ಮೇಲೆ ತಪ್ಪು ತೋರಿಸುತ್ತದೆ. ಅದೇ ಇದ್ದರೆ ಪೈಪಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಟೇಪಿನ ಮೇಲೆ ಅಳೆಯಿರಿ. ಥರ್ಮಾಮೀಟರ್ ಸರಿ ಇದೆಯಾ ಅಂತ ನೋಡಲು ಪುಡಿ ಮಾಡಿದ ಐಸು, ಸ್ವಲ್ಪ ನೀರು ಲೋಟದಲ್ಲಿ ಕಲಸಿ ಅದ್ದಿ. 0 ತೋರಿಸಬೇಕು.

ಕೆಲವು ಚಿಲ್ಲರ್‌ಗಳ ಪ್ಯಾನೆಲ್ ಮೇಲೇ ಗೇಜ್ ಇರುತ್ತವೆ. ಇಲ್ಲದಿದ್ದರೆ ಗೇಜ್ ಜೋಡಿಸುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ದ್ರವ ಗ್ಯಾಸ್ ಕೈಗೆ, ಕಣ್ಣಿಗೆ ಸಿಡಿದರೆ ಚರ್ಮ ಹೆಪ್ಪುಗಟ್ಟಿ ಗಾಯ ಆಗುತ್ತದೆ. ಕಂಪ್ರೆಸರ್‌ನಿಂದ ಹೊರಡುವ ಡಿಸ್ಚಾರ್ಜ್ ಪೈಪನ್ನಂತೂ ಮುಟ್ಟಲೇಬೇಡಿ, ಅದು 70 ರಿಂದ 90 ಡಿಗ್ರಿ ಕಾದಿರುತ್ತದೆ.

ಅಂಕಿಯಿಂದ ಮಾಡುವ ಲೆಕ್ಕ

ಕೂಡಿಸು-ಕಳೆ ಲೆಕ್ಕ ಅಷ್ಟೇ.

ಸೂಪರ್‌ಹೀಟ್: ಸಕ್ಷನ್ ಪೈಪ್ ತಾಪಮಾನದಿಂದ ಸಕ್ಷನ್ ಗೇಜ್ ಹೇಳುವ ತಾಪಮಾನ ಕಳೆಯಿರಿ. 5 ರಿಂದ 7 ಡಿಗ್ರಿ ಇದ್ದರೆ ಒಳ್ಳೆಯದು. ಬಹಳ ಜಾಸ್ತಿ ಅಂದರೆ ಇವ್ಯಾಪರೇಟರ್‌ಗೆ ದ್ರವ ಸಾಲುತ್ತಿಲ್ಲ, ಅರ್ಧದಲ್ಲೇ ಕುದಿದು ಮುಗಿಯುತ್ತಿದೆ. ಸೊನ್ನೆಯ ಹತ್ತಿರ ಅಂದರೆ ಕುದಿಯದ ದ್ರವ ಕಂಪ್ರೆಸರ್‌ಗೇ ಹೋಗುತ್ತಿದೆ, ಯಂತ್ರ ನಿಲ್ಲಿಸಿ.

ಸಬ್‌ಕೂಲಿಂಗ್: ಡಿಸ್ಚಾರ್ಜ್ ಗೇಜ್ ಹೇಳುವ ತಾಪಮಾನದಿಂದ ಲಿಕ್ವಿಡ್ ಪೈಪ್ ತಾಪಮಾನ ಕಳೆಯಿರಿ. 5 ರಿಂದ 8 ಡಿಗ್ರಿ ಸರಿ. ಕಂಡೆನ್ಸರ್‌ನಲ್ಲಿ ಸಾಕಷ್ಟು ದ್ರವ ನಿಂತಿದೆ ಎಂಬುದಕ್ಕೆ ಇದೇ ಸಾಕ್ಷಿ.

ನೀರಿನ ವ್ಯತ್ಯಾಸ: ಒಳಗೆ ಹೋಗುವ ನೀರಿನಿಂದ ಹೊರಬರುವ ನೀರನ್ನು ಕಳೆಯಿರಿ. ಸಾಮಾನ್ಯವಾಗಿ 5 ಡಿಗ್ರಿ, ಅಂದರೆ 12 ಕ್ಕೆ ಒಳಗೆ, 7 ಕ್ಕೆ ಹೊರಗೆ.

ಅಂತರ: ಹೊರಬರುವ ನೀರಿನ ತಾಪಮಾನದಿಂದ ಸಕ್ಷನ್ ಗೇಜಿನ ತಾಪಮಾನ ಕಳೆಯಿರಿ. 3 ರಿಂದ 5 ಡಿಗ್ರಿ ಸರಿ.

ಕಂಡೆನ್ಸರ್ ಏರಿಕೆ: ಡಿಸ್ಚಾರ್ಜ್ ಗೇಜಿನ ತಾಪಮಾನದಿಂದ ಗಾಳಿಯ ತಾಪಮಾನ ಕಳೆಯಿರಿ. 10 ರಿಂದ 15 ಡಿಗ್ರಿ ಸರಿ.

ಇವು ಸಾಮಾನ್ಯ ಅಂಕಿ. ಕಂಪನಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ನಂಬಿ.

ಒಂದು ನಿಜ ಲೆಕ್ಕ ಮಾಡೋಣ

ನಮ್ಮ ಯಂತ್ರ ಪದೇ ಪದೇ ಟ್ರಿಪ್ ಆಗುತ್ತಿದ್ದ ದಿನ ಬರೆದ ಅಂಕಿ ಇವು: ನೀರು ಒಳಗೆ 14.4, ಹೊರಗೆ 6. ಸಕ್ಷನ್ ಪೈಪ್ 1, ಲಿಕ್ವಿಡ್ ಪೈಪ್ 41, ಗಾಳಿ 36. ಸಕ್ಷನ್ ಗೇಜ್ 50 ಪಿಎಸ್‌ಐ, ಅಂದರೆ ಸುಮಾರು ಮೈನಸ್ 3 ಡಿಗ್ರಿ. ಡಿಸ್ಚಾರ್ಜ್ 248, ಅಂದರೆ ಸುಮಾರು 47 ಡಿಗ್ರಿ.

ಗೇಜ್ ಒಂದನ್ನೇ ನೋಡಿದರೆ 62 ಇರಬೇಕಾದದ್ದು 50 ಇದೆ, "ಗ್ಯಾಸ್ ಕಮ್ಮಿ" ಅನ್ನಬಹುದು. ಈಗ ಲೆಕ್ಕ ಹಾಕಿ. ಸೂಪರ್‌ಹೀಟ್ 4, ಜಾಸ್ತಿ ಇಲ್ಲ. ಸಬ್‌ಕೂಲಿಂಗ್ 6, ಸರಿ ಇದೆ. ಕಂಡೆನ್ಸರ್ ಏರಿಕೆ 11, ಅದೂ ಸರಿ. ಗ್ಯಾಸ್ ಕಮ್ಮಿ ಇದ್ದಿದ್ದರೆ ಸೂಪರ್‌ಹೀಟ್ ಏರಬೇಕಿತ್ತು, ಸಬ್‌ಕೂಲಿಂಗ್ ಬೀಳಬೇಕಿತ್ತು. ಎರಡೂ ಆಗಿಲ್ಲ. ಆದರೆ ನೀರಿನ ವ್ಯತ್ಯಾಸ 5 ರ ಬದಲು 8.4 ಇದೆ. ಅಂದರೆ ನೀರು ನಿಧಾನ ಹರಿಯುತ್ತಿದೆ, ಅದಕ್ಕೇ ಹರಿದಷ್ಟು ನೀರು ಬಹಳ ತಣ್ಣಗಾಗುತ್ತಿದೆ.

ಹರಿವು ಅಳೆಯಲು ದುಬಾರಿ ಮೀಟರ್ ಬೇಡ. 5 ಡಿಗ್ರಿ ವ್ಯತ್ಯಾಸಕ್ಕೆ ಒಂದು ಟನ್ನಿಗೆ ಗಂಟೆಗೆ ಸುಮಾರು 600 ಲೀಟರ್ ನೀರು ಬೇಕು. 5 ಟನ್ನಿಗೆ 3,000 ಲೀಟರ್, ಅಂದರೆ ನಿಮಿಷಕ್ಕೆ 50. ತೊಟ್ಟಿಗೆ ಬೀಳುವ ರಿಟರ್ನ್ ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು ಫೋನಿನ ಸ್ಟಾಪ್‌ವಾಚ್ ಒತ್ತಿ. 24 ಸೆಕೆಂಡಿಗೆ ತುಂಬಬೇಕು. ನಮ್ಮದು 45 ಸೆಕೆಂಡ್ ತಗೊಂಡಿತು, ಅಂದರೆ ನಿಮಿಷಕ್ಕೆ 27 ಲೀಟರ್ ಅಷ್ಟೇ.

ಪಂಪಿನ ಹತ್ತಿರದ ಸ್ಟ್ರೈನರ್ ಬಿಚ್ಚಿದರೆ ಜಾಲರಿ ತುಂಬ ಸೊಪ್ಪಿನ ಎಲೆ ಚೂರು, ಕೆಂಪು ಮಣ್ಣು. ತೊಳೆದು ಹಾಕಿದ ಮೇಲೆ ಬಕೆಟ್ 24 ಸೆಕೆಂಡಿಗೆ ತುಂಬಿತು, ಸಕ್ಷನ್ 62 ಪಿಎಸ್‌ಐಗೆ ಏರಿತು, ನೀರು 12 ಕ್ಕೆ ಹೋಗಿ 7 ಕ್ಕೆ ಬಂತು. ಗ್ಯಾಸಿನ ಖರ್ಚು ಸೊನ್ನೆ.

ಇದನ್ನು ಹಗುರವಾಗಿ ತಗೋಬೇಡಿ. ಒಳಗೆ ಮೈನಸ್ 3 ಡಿಗ್ರಿ ಇದ್ದಾಗ ನೀರು ಇವ್ಯಾಪರೇಟರ್ ಪ್ಲೇಟಿನ ನಡುವೆ ಹೆಪ್ಪುಗಟ್ಟಬಹುದು. ಐಸು ಹಿಗ್ಗಿ ಪ್ಲೇಟ್ ಒಡೆದರೆ ನೀರು ಗ್ಯಾಸಿನ ದಾರಿಗೆ ನುಗ್ಗಿ ಕಂಪ್ರೆಸರ್‌ವರೆಗೂ ಹೋಗುತ್ತದೆ. ಆಮೇಲೆ ರಿಪೇರಿ ಅನ್ನುವುದಕ್ಕಿಂತ ಹೊಸ ಯಂತ್ರದ ಮಾತೇ. ಅದಕ್ಕೇ ಟ್ರಿಪ್ ಆಗುತ್ತದೆ ಅಂತ ಆ್ಯಂಟಿಫ್ರೀಜ್ ಥರ್ಮೋಸ್ಟ್ಯಾಟ್ ಆಗಲಿ, ಫ್ಲೋ ಸ್ವಿಚ್ ಆಗಲಿ ಯಾರೇ ಹೇಳಿದರೂ ಡೈರೆಕ್ಟ್ ಮಾಡಿಸಬೇಡಿ.

ಯಾವ ಲಕ್ಷಣಕ್ಕೆ ಯಾವ ರೋಗ?

ಎಲೆ ಹಳದಿ ಆದ ಕೂಡಲೇ ಯೂರಿಯಾ ಹಾಕುವುದಿಲ್ಲ ಅಲ್ವಾ? ಬೇರು ಕೊಳೆತಿದೆಯೋ, ನೀರು ನಿಂತಿದೆಯೋ, ಕಬ್ಬಿಣದ ಕೊರತೆಯೋ ನೋಡುತ್ತೇವೆ. ಇಲ್ಲೂ ಹಂಗೇ.

1. ಸಕ್ಷನ್ ಕೆಳಗೆ, ಸೂಪರ್‌ಹೀಟ್ ಜಾಸ್ತಿ, ಸಬ್‌ಕೂಲಿಂಗ್ ಕಮ್ಮಿ: ಇದು ನಿಜವಾಗಿ ಗ್ಯಾಸ್ ಕಮ್ಮಿ. ಸೈಟ್ ಗ್ಲಾಸ್ ಇದ್ದರೆ ಗುಳ್ಳೆ ಕಾಣುತ್ತವೆ. ಸ್ವಲ್ಪವೇ ಕಮ್ಮಿ ಆದಾಗ ವಾಲ್ವ್ ತಾನೇ ತೆರೆದು ಸೂಪರ್‌ಹೀಟನ್ನು ಸುಧಾರಿಸಿಕೊಳ್ಳುತ್ತದೆ, ಮೊದಲು ಬೀಳುವುದು ಸಬ್‌ಕೂಲಿಂಗ್. ಪೈಪಿನ ಜೋಡಣೆಗಳಲ್ಲಿ ಎಣ್ಣೆ ಜಿಡ್ಡು, ಅದಕ್ಕೆ ಅಂಟಿದ ಧೂಳು ಹುಡುಕಿ. ಸೋಪಿನ ನೀರು ಹಚ್ಚಿದರೆ ಲೀಕ್ ಇರುವಲ್ಲಿ ನೊರೆ ಏಳುತ್ತದೆ. ಒತ್ತಡ ಕೊಟ್ಟು ಪರೀಕ್ಷೆ ಮಾಡುವುದಾದರೆ ಒಣ ನೈಟ್ರೋಜನ್ ಮಾತ್ರ. ಆಕ್ಸಿಜನ್ ಸಿಲಿಂಡರ್ ಜೋಡಿಸಿದರೆ ಒಳಗಿನ ಎಣ್ಣೆಯ ಜೊತೆ ಸೇರಿ ಸ್ಫೋಟ ಆಗಬಹುದು.

2. ಸಕ್ಷನ್ ಕೆಳಗೆ, ಸೂಪರ್‌ಹೀಟ್ ಜಾಸ್ತಿ ಇಲ್ಲ, ನೀರಿನ ವ್ಯತ್ಯಾಸ ಜಾಸ್ತಿ: ನೀರಿನ ಹರಿವು ಕಮ್ಮಿ. ಸ್ಟ್ರೈನರ್, ಅರ್ಧ ಮುಚ್ಚಿದ ವಾಲ್ವ್, ಪಂಪಿನಲ್ಲಿ ಗಾಳಿ, ಪಂಪ್ ಉಲ್ಟಾ ತಿರುಗುವುದು, ಈ ನಾಲ್ಕನ್ನು ನೋಡಿ.

3. ಸಕ್ಷನ್ ಕೆಳಗೆ, ಬಕೆಟ್ ಲೆಕ್ಕ ಸರಿ, ನೀರಿನ ವ್ಯತ್ಯಾಸ ಕಮ್ಮಿ, ಅಂತರ ಮಾತ್ರ 8-10 ಡಿಗ್ರಿ: ಇವ್ಯಾಪರೇಟರ್ ಒಳಗೆ ಸುಣ್ಣದ ಪೊರೆ ಕಟ್ಟಿದೆ. ಗಡಸು ಬೋರ್ ನೀರು ಬಳಸುವವರಲ್ಲಿ ಇದು ನಿಧಾನಕ್ಕೆ ಬರುವ ರೋಗ. ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ನೀರಾದರೆ ಚಿಲ್ಲರ್‌ನೊಳಗೂ ಕಟ್ಟುತ್ತದೆ ಅಂತಲೇ ತಿಳಿಯಿರಿ. ಯಾವ ಆಸಿಡ್, ಎಷ್ಟು ಹೊತ್ತು ಎಂಬುದು ಪ್ಲೇಟಿನ ಲೋಹದ ಮೇಲಿದೆ, ಅಂದಾಜಿನ ಮೇಲೆ ಸುರಿಯಬೇಡಿ. ಶೇಖರಿಸಿದ ಮಳೆನೀರು ಇದ್ದರೆ ತೊಟ್ಟಿಗೆ ಅದೇ ಉತ್ತಮ.

4. ಸಕ್ಷನ್ ಕೆಳಗೆ, ಸೂಪರ್‌ಹೀಟ್ ಜಾಸ್ತಿ, ಆದರೆ ಸಬ್‌ಕೂಲಿಂಗ್ ಸರಿ ಅಥವಾ ಜಾಸ್ತಿ: ಗ್ಯಾಸ್ ಇದೆ, ದಾರಿ ಕಟ್ಟಿದೆ. ಫಿಲ್ಟರ್ ಡ್ರೈಯರ್‌ನ ಹಿಂದೆ ಮುಂದೆ ಪೈಪಿನ ತಾಪಮಾನ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಮುಂದಿನ ಪೈಪ್ ಎರಡು-ಮೂರು ಡಿಗ್ರಿ ತಣ್ಣಗಿದ್ದರೆ ಡ್ರೈಯರ್ ಕಟ್ಟಿದೆ. ಅದು ಸರಿ ಇದ್ದರೆ ಸಂಶಯ ಎಕ್ಸ್‌ಪಾನ್ಷನ್ ವಾಲ್ವ್ ಮೇಲೆ.

5. ಡಿಸ್ಚಾರ್ಜ್ ಮೇಲೆ, ಕಂಡೆನ್ಸರ್ ಏರಿಕೆ 18-20 ಡಿಗ್ರಿ: ಕಂಡೆನ್ಸರ್‌ಗೆ ಉಸಿರು ಕಟ್ಟಿದೆ. ನಮ್ಮ ಕಡೆ ಸೋಯಾ, ತೊಗರಿ ರಾಶಿ ನಡೆಯುವಾಗ ಹೊಟ್ಟು-ಧೂಳು ಫಿನ್ನಿನೊಳಗೆ ತುಂಬಿಕೊಳ್ಳುತ್ತದೆ. ಮೇನ್ ಸ್ವಿಚ್ ಬಂದ್ ಮಾಡಿ, ಫ್ಯಾನ್ ನಿಂತ ಮೇಲೆ, ಸಾಧಾರಣ ಒತ್ತಡದ ನೀರಿನಿಂದ ಒಳಗಿನಿಂದ ಹೊರಕ್ಕೆ ತೊಳೆಯಿರಿ. ಸ್ಪ್ರೇ ಪಂಪಿನ ಚೂಪು ಧಾರೆ ಬಿಟ್ಟರೆ ಫಿನ್ ಮಡಚಿಕೊಳ್ಳುತ್ತವೆ. ತೊಳೆದರೂ ಇಳಿಯಲಿಲ್ಲ, ಸಬ್‌ಕೂಲಿಂಗ್ 12-15 ಇದೆ ಅಂದರೆ ಗ್ಯಾಸ್ ಜಾಸ್ತಿ ತುಂಬಿರಬಹುದು ಅಥವಾ ಒಳಗೆ ಗಾಳಿ ಸೇರಿರಬಹುದು.

6. ಡಿಸ್ಚಾರ್ಜ್ ಮೇಲೆ, ಆದರೆ ಕಂಡೆನ್ಸರ್ ಏರಿಕೆ ಸರಿ: ಯಂತ್ರದ ತಪ್ಪಲ್ಲ, ಜಾಗದ ತಪ್ಪು. ಕಂಡೆನ್ಸರ್ ಬಾಯಲ್ಲಿ ಗಾಳಿ 46 ಡಿಗ್ರಿ, ಹೊರಗೆ ನೆರಳಲ್ಲಿ 40 ಇದ್ದರೆ, ತಗಡಿನ ಶೆಡ್ಡಿನೊಳಗೆ ಅದು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿದೆ. ಗೋಡೆ ದೂರ ಮಾಡಿ, ಬಿಸಿಗಾಳಿ ಹೊರಹೋಗಲು ದಾರಿ ಕೊಡಿ, ಮೇಲೆ ಚಪ್ಪರದ ನೆರಳು ಹಾಕಿ.

7. ಸಕ್ಷನ್ ಮೇಲೆ, ಡಿಸ್ಚಾರ್ಜ್ ಕೆಳಗೆ, ಎರಡೂ ಹತ್ತಿರ ಹತ್ತಿರ: ಕಂಪ್ರೆಸರ್ ಒತ್ತುತ್ತಿಲ್ಲ. ಹೆದರುವ ಮುಂಚೆ ಒಂದು ಕೇಳಿ: ನಿನ್ನೆ-ಮೊನ್ನೆ ಟಿಸಿ ಹತ್ತಿರ ಲೈನ್ ಕೆಲಸ ಆಗಿತ್ತಾ? ಫೇಸ್ ಅದಲುಬದಲಾದರೆ ಮೂರು ಫೇಸಿನ ಸ್ಕ್ರೋಲ್ ಕಂಪ್ರೆಸರ್ ಉಲ್ಟಾ ತಿರುಗಿ ಕರಕರ ಸದ್ದು ಮಾಡುತ್ತದೆ, ಒತ್ತಡ ಹುಟ್ಟುವುದಿಲ್ಲ. ತಕ್ಷಣ ಬಂದ್ ಮಾಡಿ, ಎಲೆಕ್ಟ್ರಿಷಿಯನ್‌ನಿಂದ ಫೇಸ್ ಸರಿ ಮಾಡಿಸಿ. ಫೇಸ್ ಪ್ರಿವೆಂಟರ್ ಇಲ್ಲದ ಚಿಲ್ಲರ್ ಓಡಿಸಲೇಬಾರದು. ಫೇಸ್ ಸರಿ ಇದ್ದರೂ ಹೀಗೇ ಇದ್ದರೆ ಕಂಪ್ರೆಸರ್ ಒಳಗೇ ಸವೆದಿದೆ.

ಹಾಲಿನ ಸಂಘದ ಬಲ್ಕ್ ಕೂಲರ್ ನೋಡಿಕೊಳ್ಳುವವರಿಗೂ ಇದೇ ದಾರಿ. ಅಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸಬೇಕಾದ್ದರಿಂದ ಸಕ್ಷನ್ ಅಂಕಿ ಇನ್ನೂ ಕೆಳಗಿರುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ಗ್ಯಾಸ್ ತುಂಬಿಸಲೇಬೇಕಾದಾಗ

ಲೀಕ್ ಮುಚ್ಚಿದ ಮೇಲೆ, ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ-ತೇವ ತೆಗೆದ ಮೇಲೆ, ನೇಮ್ ಪ್ಲೇಟಿನ ತೂಕ ನೋಡಿ ತಕ್ಕಡಿ ಇಟ್ಟು ತುಂಬಿಸಿ. "ಗೇಜ್ ನೋಡಿ ಅಂದಾಜಿಗೆ ಹಾಕ್ತೀನಿ" ಅಂದರೆ ಒಪ್ಪಬೇಡಿ. ಆರ್-407ಸಿ ಮಿಶ್ರಣದ ಗ್ಯಾಸು. ಅದನ್ನು ಸಿಲಿಂಡರಿನಿಂದ ದ್ರವ ರೂಪದಲ್ಲೇ ತೆಗೆದು ಹಾಕಬೇಕು, ಇಲ್ಲದಿದ್ದರೆ ಮಿಶ್ರಣದ ಪ್ರಮಾಣ ಕೆಡುತ್ತದೆ. ಆ ಗ್ಯಾಸಿಗೆ ಸೂಪರ್‌ಹೀಟ್ ಲೆಕ್ಕ ಮಾಡುವಾಗ ಆ್ಯಪ್‌ನಲ್ಲಿ ಡ್ಯೂ ಪಾಯಿಂಟ್, ಸಬ್‌ಕೂಲಿಂಗ್‌ಗೆ ಬಬಲ್ ಪಾಯಿಂಟ್ ಅಂಕಿ ತಗೊಳ್ಳಿ.

ಆರ್-22 ಯಂತ್ರಕ್ಕೆ ಅಗ್ಗ ಅಂತ ಬೇರೆ ಗ್ಯಾಸ್ ಬೆರೆಸಲು ಬಿಡಬೇಡಿ. ಆರ್-407ಸಿ ಹಾಕಬೇಕಾದರೆ ಕಂಪ್ರೆಸರ್ ಎಣ್ಣೆಯನ್ನೂ ಬದಲಿಸಬೇಕು. ಆರ್-290 ಅಂದರೆ ಪ್ರೊಪೇನ್, ಬೆಂಕಿ ಹತ್ತುವ ಗ್ಯಾಸು, ಅದಕ್ಕಾಗಿಯೇ ಮಾಡಿದ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ.

ಓಝೋನ್ ಪದರ ಉಳಿಸಲು 1987 ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದಂತೆ ನಮ್ಮ ದೇಶವೂ ಆರ್-22 ಬಳಕೆಯನ್ನು ಹಂತ ಹಂತವಾಗಿ ನಿಲ್ಲಿಸುತ್ತಿದೆ. ಸೆಕೆಂಡ್ ಹ್ಯಾಂಡ್ ಚಿಲ್ಲರ್ ಕೊಳ್ಳುವವರು ಬೆಲೆ ಕೇಳುವ ಮುಂಚೆ ನೇಮ್ ಪ್ಲೇಟಿನ ಗ್ಯಾಸ್ ನೋಡಬೇಕು. ಇದ್ದ ಯಂತ್ರದವರು ಲೀಕ್ ಆಗದಂತೆ ಕಾಯಬೇಕು. ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಸಿಕೊಳ್ಳಲು ಮೆಕ್ಯಾನಿಕ್‌ಗೆ ಹೇಳಿ. ಸಾವಯವ ಬೆಳೆಯುವ ನಾವು ಮಣ್ಣಿಗೆ ಕೊಡುವ ಮರ್ಯಾದೆಯನ್ನು ಗಾಳಿಗೂ ಕೊಡೋಣ.

ಈ ವಾರದ ಕೆಲಸ

- ಚಿಲ್ಲರ್ ಚೆನ್ನಾಗಿ ನಡೆಯುತ್ತಿರುವ ದಿನವೇ ಏಳು ಅಂಕಿ, ಬಕೆಟ್ ತುಂಬಿದ ಸೆಕೆಂಡು, ದಿನಾಂಕ, ಸಮಯ ಬರೆದು ಫೋನಿನಲ್ಲಿಡಿ. ಕೆಟ್ಟ ದಿನ ಹೋಲಿಸಲು ಇದೇ ಅಳತೆಗೋಲು.
- ಸೊಪ್ಪಿನ ಸೀಸನ್ನಿನಲ್ಲಿ ದಿನಾ ಸಂಜೆ ಸ್ಟ್ರೈನರ್ ತೊಳೆಯಿರಿ.
- ತಿಂಗಳಿಗೊಮ್ಮೆ ಫಿನ್ ನೋಡಿ. ರಾಶಿ ಸಮಯದಲ್ಲಿ ವಾರಕ್ಕೊಮ್ಮೆ ನೋಡಿ.
- ಯಂತ್ರ ಕೆಟ್ಟಾಗ "ತಣ್ಣಗಾಗ್ತಿಲ್ಲ" ಅಂತ ಮಾತ್ರ ಹೇಳಬೇಡಿ. ಏಳು ಅಂಕಿಯನ್ನು ಮೆಕ್ಯಾನಿಕ್‌ಗೆ ವಾಟ್ಸಾಪ್ ಮಾಡಿ. ಬರುವಾಗ ಡ್ರೈಯರ್ ತರಬೇಕೋ, ಗ್ಯಾಸ್ ತರಬೇಕೋ ಅವರಿಗೂ ಗೊತ್ತಾಗುತ್ತದೆ, ಎರಡನೇ ಸಲ ಬಂದು ಹೋಗುವ ಖರ್ಚು ಉಳಿಯುತ್ತದೆ.
- "ಗ್ಯಾಸ್ ಕಮ್ಮಿ" ಅಂದರೆ ಎರಡೇ ಪ್ರಶ್ನೆ ಕೇಳಿ: "ಸೂಪರ್‌ಹೀಟ್ ಎಷ್ಟದ? ಸಬ್‌ಕೂಲಿಂಗ್ ಎಷ್ಟದ?" ಉತ್ತರ ಬಂದ ಮೇಲೆಯೇ ಸಿಲಿಂಡರ್ ಬಿಚ್ಚಿಸಿ.